ಗಾಜಿನ ತಳದ ದೋಣಿಯಲ್ಲಿ ಮಕ್ಕಳಿಗೆ ಏನು ತೋರಿಸುತ್ತೇವೆ?

ಕರ್ನಾಟಕದಲ್ಲಿ ಐದು ರಾಷ್ಟ್ರೀಯ ಉದ್ಯಾನಗಳಿವೆ. ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ ಮತ್ತು ಅಣಶಿ. ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ಕರಾವಳಿ ನಮಗಿದ್ದರೂ ಈ ಐದರಲ್ಲಿ ಒಂದೂ ಕಡಲಿಗೆ ತಾಗಿಲ್ಲ. ಹೀಗಾಗಿ ಕನ್ನಡದ ಮಗುವಿಗೆ ರಾಷ್ಟ್ರೀಯ ಉದ್ಯಾನವೆಂದರೆ ಕಾಡು, ಜೀಪು ಮತ್ತು ಹುಲಿ. ಪ್ರವಾಸ ಮುಗಿಸಿ ಬಂದ ಮಗುವನ್ನು ನೆರೆಮನೆಯವರು ಕೇಳುವುದು ಒಂದೇ ಪ್ರಶ್ನೆ: ‘ಹುಲಿ ಕಾಣಲು ಸಿಕ್ಕಿತಾ?’ ಸಿಕ್ಕಿದ್ದರೆ ದುಡ್ಡು ವಸೂಲಾಯಿತು. ಇಲ್ಲದಿದ್ದರೆ ‘ಬರೀ ಜಿಂಕೆ, ನವಿಲು’ ಎಂಬ ನಿರಾಸೆ. ಕಾಡನ್ನು ಒಂದೇ ಪ್ರಾಣಿಗೆ ಇಳಿಸಿಬಿಟ್ಟ ಈ ನೋಟವನ್ನು ನಾವು ಮಕ್ಕಳಿಗೆ ಎಷ್ಟು ಸಲೀಸಾಗಿ ದಾಟಿಸಿದ್ದೇವೆಂದರೆ, ಅವರನ್ನು ಕಡಲಿನ ಉದ್ಯಾನಕ್ಕೆ ಕರೆದೊಯ್ಯುವಾಗಲೂ ಅದನ್ನೇ ಗಂಟು ಕಟ್ಟಿಕೊಂಡು ಹೋಗುತ್ತೇವೆ.

ಅಂಡಮಾನಿನ ವಂಡೂರನ್ನು ಇದಕ್ಕೆ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಎಲ್‌ಟಿಸಿ ಸೌಲಭ್ಯವಿರುವ ನೌಕರರ ಕುಟುಂಬಗಳಿಂದ ಹಿಡಿದು ಬೇಸಗೆ ರಜೆಯ ಪ್ಯಾಕೇಜ್ ಪ್ರವಾಸಿಗರವರೆಗೆ ಕರ್ನಾಟಕದಿಂದಲೂ ಜನ ಮಕ್ಕಳೊಂದಿಗೆ ಅಲ್ಲಿಗೆ ಹೋಗುತ್ತಾರೆ. ಪೋರ್ಟ್ ಬ್ಲೇರ್, ಅಂದರೆ 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರು ಬದಲಾದ ಊರಿನಿಂದ ರಸ್ತೆಯಲ್ಲಿ ಸುಮಾರು ಒಂದು ಗಂಟೆಯ ದಾರಿ. 1983ರಲ್ಲಿ ಸ್ಥಾಪನೆಯಾದ ಮಹಾತ್ಮಾ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನ ಇಲ್ಲಿದೆ. ಹದಿನೈದು ದ್ವೀಪಗಳು, ಅವುಗಳ ನಡುವಿನ ಕಡಲು, ಕಾಂಡ್ಲಾ ಕಾಡು ಮತ್ತು ಹವಳದ ದಿಬ್ಬಗಳು ಸೇರಿ ಒಟ್ಟು 281 ಚದರ ಕಿಲೋಮೀಟರ್ ಚಿಲ್ಲರೆ. ಇಷ್ಟು ದ್ವೀಪಗಳಲ್ಲಿ ಪ್ರವಾಸಿಗರಿಗೆ ಸಾಮಾನ್ಯವಾಗಿ ತೆರೆದಿರುವುದು ಎರಡು: ಜಾಲಿ ಬಾಯ್ ಮತ್ತು ರೆಡ್ ಸ್ಕಿನ್. ಅದೂ ಒಟ್ಟಿಗೆ ಅಲ್ಲ, ಸರದಿಯಲ್ಲಿ. ಒಂದು ತೆರೆದಿರುವಾಗ ಇನ್ನೊಂದಕ್ಕೆ ಬಿಡುವು.

ಬೆಳಗ್ಗೆ ವಂಡೂರಿನ ಜೆಟ್ಟಿಯಲ್ಲಿ ಸರತಿ ನಿಲ್ಲಬೇಕು. ಪ್ಲಾಸ್ಟಿಕ್ ಒಯ್ಯುವಂತಿಲ್ಲ, ಅದಕ್ಕಾಗಿ ಚೀಲಗಳ ತಪಾಸಣೆಯಿದೆ. ದ್ವೀಪದಲ್ಲಿ ಅಂಗಡಿಯಿಲ್ಲ, ಊಟ ನೀರು ನಾವೇ ಕೊಂಡೊಯ್ಯಬೇಕು. ಕಾಂಡ್ಲಾ ಕಾಡಿನ ನಡುವೆ ಸಾಗುವ ದೋಣಿ ಪ್ರಯಾಣದ ಬಳಿಕ ದ್ವೀಪ. ಅಲ್ಲಿ ಗಾಜಿನ ತಳದ ಸಣ್ಣ ದೋಣಿಗೆ ಹತ್ತಿಸುತ್ತಾರೆ. ಎಲ್ಲರೂ ತಲೆ ಬಗ್ಗಿಸಿ ಗಾಜಿನ ಮೂಲಕ ತಳವನ್ನು ನೋಡುತ್ತಾರೆ. ಹವಳ, ಮೀನು, ಸಮುದ್ರ ಸೌತೆ. ಸ್ವಲ್ಪ ಹೊತ್ತಿನಲ್ಲಿ ದೋಣಿ ಹಿಂದೆ ತಿರುಗುತ್ತದೆ, ಮುಂದಿನ ತಂಡ ಕಾಯುತ್ತಿರುತ್ತದೆ. ಮಧ್ಯಾಹ್ನ ಕಳೆಯುವಷ್ಟರಲ್ಲಿ ದ್ವೀಪ ಖಾಲಿಯಾಗಬೇಕು.

ಈ ವ್ಯವಸ್ಥೆಯನ್ನು ಹಳಿಯಲು ನಾವು ಹೊರಟಿಲ್ಲ. ಸೂಕ್ಷ್ಮವಾದ ಒಂದು ಜಾಗಕ್ಕೆ ದಿನವೂ ಜನರನ್ನು ಬಿಡುವಾಗ ಇಷ್ಟು ಬಿಗಿ ಬೇಕೇ ಬೇಕು. ಪ್ರಶ್ನೆಯಿರುವುದು ಆ ದೋಣಿಯಲ್ಲಿ ಕುಳಿತ ಹಿರಿಯರ ಬಗ್ಗೆ. ಆರು ವರ್ಷದ ಮಗುವಿನ ತಲೆಯನ್ನು ಅತ್ತಿತ್ತ ತಿರುಗಿಸುತ್ತಾ ‘ಅಲ್ನೋಡು, ಇಲ್ನೋಡು’ ಎನ್ನುವುದಲ್ಲದೆ ನಾವು ಅದಕ್ಕೆ ಏನು ಹೇಳುತ್ತಿದ್ದೇವೆ?

ಬಹುತೇಕ ಮಕ್ಕಳು ಆ ಗಾಜಿನಲ್ಲಿ ಹುಡುಕುವುದು ಒಂದು ಮೀನನ್ನು. ಕಿತ್ತಳೆ ಮೈಗೆ ಬಿಳಿ ಪಟ್ಟಿಯ ಪುಟ್ಟ ಮೀನು, 2003ರಲ್ಲಿ ಬಂದ ‘ಫೈಂಡಿಂಗ್ ನೆಮೋ’ ಅನಿಮೇಷನ್ ಚಿತ್ರದ ನಾಯಕ. ಅಂಡಮಾನಿನ ಹವಳದ ದಿಬ್ಬಗಳಲ್ಲಿ ಈ ಜಾತಿಯ ಮೀನುಗಳು ನಿಜಕ್ಕೂ ಇವೆ. ಕಾಡಿನಲ್ಲಿ ಹುಲಿಗಿರುವ ಸ್ಥಾನ ಇಲ್ಲಿ ನೆಮೋಗೆ ಸಿಕ್ಕಿದೆ. ಆದರೆ ಚಿತ್ರವನ್ನು ಸ್ವಲ್ಪ ಗಮನವಿಟ್ಟು ನೋಡಿದವರಿಗೆ ಇದರಲ್ಲೊಂದು ವಿಪರ್ಯಾಸ ಕಾಣಿಸುತ್ತದೆ. ಆ ಕಥೆಯಲ್ಲಿ ಮನುಷ್ಯನೊಬ್ಬ ಮರಿ ಮೀನನ್ನು ಅದರ ಮನೆಯಿಂದ ಎತ್ತಿಕೊಂಡು ಹೋಗಿ ಗಾಜಿನ ತೊಟ್ಟಿಗೆ ಹಾಕುತ್ತಾನೆ. ಮಗನನ್ನು ಹುಡುಕಿಕೊಂಡು ತಂದೆ ಮೀನು ಸಾಗರವನ್ನೇ ದಾಟುತ್ತದೆ. ಅಂದರೆ ಗಾಜಿನಾಚೆಯಿಂದ ನೋಡುವ ಮನುಷ್ಯನ ಚಟದ ಮೇಲಿನ ಟೀಕೆ ಅದು. ನಾವು ಆ ಟೀಕೆಯನ್ನು ಬಿಟ್ಟು ಮೀನಿನ ಬಣ್ಣವನ್ನಷ್ಟೇ ಉಳಿಸಿಕೊಂಡೆವು. ಮಗು ‘ನೆಮೋ’ ಎಂದು ಕೂಗಿದಾಗ ಫೋಟೊ ತೆಗೆದು ಮುಂದಕ್ಕೆ ಹೋಗುತ್ತೇವೆ. ಆ ಮೀನು ಯಾಕೆ ಆ ಒಂದೇ ‘ಹೂವಿನ’ ಬಳಿ ಸುಳಿಯುತ್ತದೆ? ಆ ಹೂವು ಹೂವಲ್ಲ, ವಿಷದ ಎಳೆಗಳುಳ್ಳ ಪ್ರಾಣಿ ಎನ್ನುವುದು, ಬೇರೆ ಮೀನುಗಳನ್ನು ಕುಟುಕುವ ಆ ಎಳೆಗಳ ನಡುವೆಯೇ ಈ ಪುಟ್ಟ ಮೀನು ಮನೆ ಮಾಡಿಕೊಂಡಿದೆ ಎನ್ನುವುದು ಯಾವ ಸಿನಿಮಾಕ್ಕೂ ಕಡಿಮೆಯ ಕಥೆಯಲ್ಲ. ಅದನ್ನು ಹೇಳಲು ದೊಡ್ಡ ವಿದ್ವತ್ತು ಬೇಡ. ಹೊರಡುವ ಮುಂಚಿನ ರಾತ್ರಿ ಅರ್ಧ ಗಂಟೆ ಓದಿಕೊಂಡರೆ ಸಾಕು.

ಸಣ್ಣ ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತಿದೆ. ಅವರಿಗೆ ದೂರದ್ದಕ್ಕಿಂತ ಹತ್ತಿರದ್ದು ಇಷ್ಟ, ದೊಡ್ಡದಕ್ಕಿಂತ ಸಣ್ಣದು ಇಷ್ಟ. ದೋಣಿಯಿಂದಿಳಿದ ಮಗು ಮರಳಿನಲ್ಲಿ ಕೂತು ಒಂದು ಶಂಖ ಓಡಾಡುವುದನ್ನು ನೋಡುತ್ತದೆ. ಅದು ಶಂಖವಲ್ಲ, ಯಾರೋ ಬಿಟ್ಟುಹೋದ ಶಂಖದೊಳಗೆ ವಾಸ ಮಾಡುವ ಏಡಿ. ಮೆದುವಾದ ತನ್ನ ಹಿಂಭಾಗವನ್ನು ಕಾಪಾಡಲು ಅದು ಖಾಲಿ ಚಿಪ್ಪನ್ನು ಹೊದ್ದುಕೊಳ್ಳುತ್ತದೆ, ಮೈ ಬೆಳೆದಂತೆ ದೊಡ್ಡ ಚಿಪ್ಪು ಹುಡುಕುತ್ತದೆ. ಕಾಲಿಗೆ ಹಿತವಾಗಿ ತಾಗುವ ಆ ಬಿಳಿ ಮರಳಿನಲ್ಲಿ ಒಂದು ಪಾಲು ಗಿಳಿಮೀನಿನ ಹೊಟ್ಟೆಯಿಂದ ಬಂದದ್ದು. ಪಾಚಿ ತಿನ್ನಲು ಸತ್ತ ಹವಳವನ್ನು ಹಲ್ಲಿನಿಂದ ಕೆರೆಯುವ ಮೀನು, ಪುಡಿಯಾದ ಹವಳವನ್ನು ಮರಳಾಗಿ ಹೊರಹಾಕುತ್ತದೆ. ‘ಇದು ಮೀನಿನ ಕಕ್ಕ’ ಎಂದು ಹೇಳಿದರೆ ನಗದ ಮಗುವಿದೆಯೇ? ನಕ್ಕ ಮಗು ಅದನ್ನು ಮರೆಯುವುದೂ ಇಲ್ಲ. ಆದರೆ ಹಿರಿಯರಿಗೆ ಅವಸರ. ಟಿಕೆಟಿನ ದುಡ್ಡಿಗೆ ಸರಿಯಾಗಿ ‘ನೋಡುವಂಥದ್ದು’ ಏನಾದರೂ ಬೇಕು. ಮರಳಿನಲ್ಲಿ ಕೂತ ಮಗುವನ್ನು ಎಬ್ಬಿಸಿ ಎಳೆದೊಯ್ಯುತ್ತಾರೆ. ಅಲ್ಲಿ ನಿಜವಾಗಿ ಉದ್ಯಾನವನ್ನು ನೋಡುತ್ತಿದ್ದವರು ಯಾರು ಎಂದು ಕೇಳಬೇಕಾಗುತ್ತದೆ.

ಇನ್ನು ನಿಯಮಗಳ ವಿಷಯ. ನಮ್ಮ ಅಭಿಪ್ರಾಯದಲ್ಲಿ ವಂಡೂರಿನಂಥ ಜಾಗದಲ್ಲಿ ಮಗುವಿಗೆ ಕಲಿಸಬೇಕಾದ ಮುಖ್ಯ ಪಾಠ ಮೀನಿನದ್ದಲ್ಲ, ನಿಯಮದ್ದು. ಚಿಪ್ಪು ಹೆಕ್ಕಬಾರದು, ಹವಳ ಮುಟ್ಟಬಾರದು, ಪ್ಲಾಸ್ಟಿಕ್ ತರಬಾರದು, ಇಂತಿಷ್ಟು ತಿಂಗಳು ಈ ದ್ವೀಪಕ್ಕೆ ಕಾಲಿಡಬಾರದು. ಎಲ್ಲವೂ ‘ಬಾರದು’ಗಳೇ. ನಿಯಮದ ಫಲಕಗಳು ಸಾಮಾನ್ಯವಾಗಿ ದಂಡದ ಮೊತ್ತವನ್ನು ಹೇಳುತ್ತವೆ, ಕಾರಣವನ್ನು ಹೇಳುವುದು ಕಡಿಮೆ. ಕಾರಣ ಹೇಳುವ ಕೆಲಸ ತಂದೆ ತಾಯಿಯದು. ನೀನು ಒಂದು ಚಿಪ್ಪನ್ನು ಮನೆಗೆ ಒಯ್ದರೆ ಬೆಳೆಯುತ್ತಿರುವ ಒಂದು ಏಡಿಗೆ ಮನೆ ಇಲ್ಲದಾಗುತ್ತದೆ ಎಂದರೆ ಐದು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಕಲ್ಲಿನಂತೆ ಕಾಣುವ ಹವಳ ಕಲ್ಲಲ್ಲ, ಸಾವಿರಾರು ಪುಟ್ಟ ಪ್ರಾಣಿಗಳ ವಠಾರ ಎಂದರೂ ಅರ್ಥವಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನುಸೂಚಿಗೆ 2001ರಲ್ಲಿ ಹವಳ ಮತ್ತು ಸಮುದ್ರ ಸೌತೆಗಳನ್ನು ಸೇರಿಸಲಾಯಿತು. ಹುಲಿಗೆ ಇರುವ ಕಾನೂನಿನ ರಕ್ಷಣೆ ಈ ಮಾತಿಲ್ಲದ ಜೀವಿಗಳಿಗೂ ಇದೆ ಎಂಬುದನ್ನು ಸ್ವಲ್ಪ ದೊಡ್ಡ ಮಕ್ಕಳಿಗೆ ಹೇಳಬಹುದು.

ಆದರೆ ನಡೆಯುವುದೇನು? ನಿಯಮವನ್ನು ದಾಟುವ ಮೊದಲ ಪಾಠವೂ ಮಗುವಿಗೆ ಅನೇಕ ಬಾರಿ ಸಿಗುವುದು ಇಂಥ ಪ್ರವಾಸದಲ್ಲೇ. ಬಿಸ್ಕತ್ತಿನ ಪೊಟ್ಟಣವನ್ನು ಟವೆಲಿನಡಿ ತುರುಕುವ ಅಮ್ಮ, ‘ಒಂದು ಚಿಪ್ಪು ತಾನೆ, ಜೇಬಿನಲ್ಲಿಟ್ಟುಕೋ’ ಎನ್ನುವ ಚಿಕ್ಕಪ್ಪ, ತಪಾಸಣೆ ಮಾಡುವ ಸಿಬ್ಬಂದಿಯೊಂದಿಗೆ ‘ಮಗುವಿನ ನೀರಿನ ಬಾಟಲಿಯಪ್ಪಾ’ ಎಂದು ಜಗಳವಾಡುವ ಅಪ್ಪ. ಇವರೆಲ್ಲ ಕೆಟ್ಟವರಲ್ಲ. ದುಡ್ಡು ಕೊಟ್ಟ ಮೇಲೆ ಜಾಗ ತಮ್ಮದು ಎಂದು ತಿಳಿದವರು. ಮಗು ಇದನ್ನೆಲ್ಲ ನೋಡುತ್ತಿರುತ್ತದೆ. ನಿಯಮವಿರುವುದು ಬೇರೆಯವರಿಗೆ, ನಮಗೆ ಒಂದು ಉಪಾಯವಿದೆ ಎಂಬುದನ್ನು ಅದು ಹವಳಕ್ಕಿಂತ ಬೇಗ ಕಲಿಯುತ್ತದೆ.

ಉದ್ಯಾನದ ಬಾಗಿಲಿನಲ್ಲೇ ಇರುವ ಇನ್ನೊಂದು ಪಾಠವನ್ನು ನಾವು ಗಮನಿಸುವುದೇ ಇಲ್ಲ. ಅದು ವಂಡೂರು ಎಂಬ ಹೆಸರು. ಈ ಹೆಸರಿನ ಮೂಲ ಊರು ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿದೆ. 1921ರ ಮಲಬಾರ್ ಬಂಡಾಯದ ನಂತರ ಬ್ರಿಟಿಷರು ಮಾಪಿಳ್ಳೆ ಕೈದಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಅಂಡಮಾನಿಗೆ ಸಾಗಿಸಿದರು. ಮುಂದೆ ಅವರ ಹೆಂಡತಿ ಮಕ್ಕಳನ್ನೂ ಕರೆಸಿ ಕಾಡು ಕಡಿದು ಬೇಸಾಯ ಮಾಡಿಸುವ ಯೋಜನೆ ಬಂತು. ಮಲಬಾರಿನ ರಾಷ್ಟ್ರೀಯವಾದಿ ಮುಸ್ಲಿಮ್ ನಾಯಕರು ಅಂದೇ ಇದನ್ನು ವಿರೋಧಿಸಿದ್ದರು. ಬಂದವರು ಮಾತ್ರ ಬದುಕಲೇಬೇಕಿತ್ತು. ತಾವು ಮತ್ತೆ ಕಾಣಲಾರದ ಊರುಗಳ ಹೆಸರನ್ನು ತಾವು ನೆಲೆಸಿದ ಜಾಗಗಳಿಗೆ ಇಟ್ಟುಕೊಂಡರು. ಹಾಗೆ ದಕ್ಷಿಣ ಅಂಡಮಾನಿನಲ್ಲಿ ಒಂದು ಕ್ಯಾಲಿಕಟ್ ಇದೆ, ಮಂಜೇರಿ ಇದೆ, ತಿರೂರ್ ಇದೆ, ಮಣ್ಣಾರ್‌ಘಾಟ್ ಇದೆ, ವಂಡೂರು ಇದೆ. ಮಾಪಿಳ್ಳೆಯರು ನಮ್ಮ ಕರಾವಳಿಗೆ ದೂರದವರಲ್ಲ. ಬ್ಯಾರಿ ಮನೆಗಳ ಮಾತಿಗೂ ಅವರ ಮಾತಿಗೂ ಇರುವ ನಂಟು ಎಲ್ಲರಿಗೂ ಗೊತ್ತಿರುವಂಥದ್ದು.

ಪ್ರವಾಸಿ ಕುಟುಂಬ ಹಿಂದಿನ ಸಂಜೆ ಸೆಲ್ಯುಲಾರ್ ಜೈಲಿನಲ್ಲಿ ಧ್ವನಿ ಬೆಳಕಿನ ಪ್ರದರ್ಶನ ನೋಡಿರುತ್ತದೆ. ಮರುದಿನ ವಂಡೂರಿಗೆ ಬರುವಾಗ ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯುವುದಿಲ್ಲ. ನಿನ್ನೆಯದು ಇತಿಹಾಸ, ಇಂದಿನದು ಪ್ರಕೃತಿ ಎಂದು ಎರಡು ಡಬ್ಬಿಗಳಲ್ಲಿ ಹಾಕಿಟ್ಟಿದ್ದೇವೆ. ಪ್ರವಾಸದ ಜಾಹೀರಾತುಗಳು ಈ ದ್ವೀಪಗಳನ್ನು ‘ಮನುಷ್ಯರು ಮುಟ್ಟದ ಸ್ವರ್ಗ’ ಎಂದು ಬಣ್ಣಿಸುತ್ತವೆ. ಇದು ಸುಳ್ಳು. 1858ರಲ್ಲಿ ಬ್ರಿಟಿಷರು ಕೈದಿಗಳ ವಸಾಹತು ಆರಂಭಿಸುವ ಮೊದಲೂ ಇಲ್ಲಿ ಜನರಿದ್ದರು. ಹೊರಗಿನಿಂದ ಬಂದ ರೋಗಗಳು ಮತ್ತು ಹಿಂಸೆಯಿಂದ ಗ್ರೇಟ್ ಅಂಡಮಾನಿ ಬುಡಕಟ್ಟುಗಳು ಕರಗಿ ಇಂದು ಐವತ್ತರ ಆಸುಪಾಸಿಗೆ ಇಳಿದಿವೆ. ಉಳಿದಿರುವ ಜಾರವಾ ಜನರನ್ನು ನಾವು ಹೇಗೆ ನೋಡುತ್ತೇವೆ? 2012ರಲ್ಲಿ ಹೊರಬಂದ ವಿಡಿಯೊದಲ್ಲಿ, ತಿಂಡಿಯ ಆಸೆ ತೋರಿಸಿ ಜಾರವಾ ಮಹಿಳೆಯರನ್ನು ಕುಣಿಸಿದ್ದನ್ನು ಜಗತ್ತು ನೋಡಿತು. ಅವರ ಕಾಡಿನ ನಡುವೆ ಹಾದುಹೋಗುವ ಅಂಡಮಾನ್ ಟ್ರಂಕ್ ರಸ್ತೆಯಲ್ಲಿ, ಮಕ್ಕಳನ್ನು ಕಿಟಕಿಯ ಬದಿಗೆ ಕೂರಿಸಿಕೊಂಡು ಮನುಷ್ಯರನ್ನು ‘ಕಾಣಲು’ ಕಾತರಿಸುವ ಕುಟುಂಬಗಳ ಮನಸ್ಸಿನಲ್ಲಿರುವುದೂ ಅದೇ ಹಳೆಯ ಪ್ರಶ್ನೆ: ಕಾಣಲು ಸಿಕ್ಕಿತಾ? ಹುಲಿಯಿಂದ ಮೀನಿಗೆ, ಮೀನಿನಿಂದ ಮನುಷ್ಯನಿಗೆ ಬರುವಷ್ಟರಲ್ಲಿ ಈ ನೋಟ ಎಲ್ಲಿಗೆ ತಲುಪಿತು ಎಂಬುದನ್ನು ಹಿರಿಯರಾದ ನಾವು ಯೋಚಿಸಬೇಕು. ಮಕ್ಕಳಿಗೆ ಈ ಕಣ್ಣನ್ನು ಕೊಟ್ಟವರು ನಾವೇ.

ಕಡಲಿನ ಕಷ್ಟವನ್ನು ಮಕ್ಕಳಿಂದ ಮುಚ್ಚಿಡಬೇಕೇ ಎಂಬುದು ಇನ್ನೊಂದು ಪ್ರಶ್ನೆ. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ಉತ್ತರ ಅಂಡಮಾನಿನ ಕೆಲವು ಕಡೆ ನೆಲ ಮೇಲೆದ್ದು ಹವಳಗಳು ಬಿಸಿಲಿಗೆ ಬಿದ್ದು ಸತ್ತವು. ದಕ್ಷಿಣ ಅಂಡಮಾನಿನಲ್ಲಿ ಇದಕ್ಕೆ ವಿರುದ್ಧವಾಗಿ ನೆಲ ಕುಸಿದು ಕಡಲು ಒಳನುಗ್ಗಿತು. ಅದು ಪ್ರಕೃತಿಯ ಹೊಡೆತ. ಈಗ ಹವಳಕ್ಕೆ ಬರುತ್ತಿರುವುದು ಬೇರೆ ಬಗೆಯ ಕಷ್ಟ. ಹವಳದ ಪ್ರಾಣಿಯ ಮೈಯೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಅದು ಬಿಸಿಲಿನಿಂದ ಆಹಾರ ತಯಾರಿಸಿ ಹವಳಕ್ಕೂ ಕೊಡುತ್ತದೆ, ಬಣ್ಣವನ್ನೂ ಕೊಡುತ್ತದೆ. ಕಡಲಿನ ನೀರು ಬೇಸಗೆಯ ಮಾಮೂಲಿ ಮಟ್ಟಕ್ಕಿಂತ ಒಂದು ಡಿಗ್ರಿಯಷ್ಟು ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೇ ಉಳಿದರೆ ಈ ಒಪ್ಪಂದ ಮುರಿಯುತ್ತದೆ. ಪಾಚಿ ಹೊರಬೀಳುತ್ತದೆ, ಹವಳ ಬೆಳ್ಳಗಾಗುತ್ತದೆ. ಬಿಸಿ ಬೇಗ ಇಳಿದರೆ ಚೇತರಿಸಿಕೊಳ್ಳಬಹುದು, ಇಲ್ಲದಿದ್ದರೆ ಹಸಿವಿನಿಂದ ಸಾಯುತ್ತದೆ. ಅಂಡಮಾನಿನ ಹವಳ 1998, 2010 ಮತ್ತು 2016ರಲ್ಲಿ ಹೀಗೆ ಬೆಳ್ಳಗಾಗಿತ್ತು. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಜಗತ್ತಿನಾದ್ಯಂತ ನಾಲ್ಕನೇ ಬಾರಿ ಹವಳ ಬಿಳಿಚುತ್ತಿದೆ ಎಂದು ಪ್ರಕಟಿಸಿದರು, ಅದೇ ಬೇಸಗೆಯಲ್ಲಿ ಲಕ್ಷದ್ವೀಪದ ದಿಬ್ಬಗಳೂ ಬಿಳಿಚಿದ್ದವು.

ಗಾಜಿನ ಮೂಲಕ ಕಾಣುವ ಮುರಿದ, ಬೂದು ಬಣ್ಣದ ಹವಳವನ್ನು ನೋಡಿ ‘ಇಲ್ಲೇನೂ ಇಲ್ಲ, ಟಿವಿಯಲ್ಲಿ ಇದಕ್ಕಿಂತ ಚೆನ್ನಾಗಿ ತೋರಿಸುತ್ತಾರೆ’ ಎಂದು ಗೊಣಗುವವರಿದ್ದಾರೆ. ಟಿವಿಯಲ್ಲಿ ಬಣ್ಣ ಹೆಚ್ಚು ಇರುವುದು ನಿಜ. ಆದರೆ ‘ಇದಕ್ಕೆ ಹುಷಾರಿಲ್ಲ, ನೀರಿಗೆ ಜ್ವರ ಬಂದಿದೆ’ ಎಂದು ಮಗುವಿಗೆ ಹೇಳುವ ಅವಕಾಶ ಟಿವಿಯಲ್ಲಿಲ್ಲ. ಜ್ವರವೆಂದರೇನೆಂದು ಮಕ್ಕಳಿಗೆ ಚೆನ್ನಾಗಿ ಗೊತ್ತು. ಹೆದರಿಸದೆ, ಸುಳ್ಳು ಹೇಳದೆ ಇಷ್ಟನ್ನು ಹೇಳಬಹುದು. ಆಗ ಮಗು ಖಂಡಿತ ಕೇಳುತ್ತದೆ: ಜ್ವರ ಯಾಕೆ ಬಂತು? ಯಾರಿಂದ ಬಂತು? ಇಲ್ಲಿ ಹಿರಿಯರು ತಡವರಿಸುತ್ತಾರೆ, ಯಾಕೆಂದರೆ ಉತ್ತರದಲ್ಲಿ ನಾವಿದ್ದೇವೆ. ನಮ್ಮ ಕಾರಿದೆ, ಕಾರ್ಖಾನೆಯಿದೆ, ಅಲ್ಲಿಗೆ ಹಾರಿ ಬಂದ ವಿಮಾನವೂ ಇದೆ.

ಈ ತಡವರಿಕೆ ಮನೆಯವರಿಗೆ ಮಾತ್ರ ಸೀಮಿತವಲ್ಲ. ವಂಡೂರಿನ ಜೆಟ್ಟಿಯಲ್ಲಿ ಮಗುವಿನ ಪ್ಲಾಸ್ಟಿಕ್ ಬಾಟಲಿಯನ್ನು ತಡೆಯುವ ಸರಕಾರಿ ವ್ಯವಸ್ಥೆ ಅಲ್ಲಿಂದ ದಕ್ಷಿಣಕ್ಕೆ ಸುಮಾರು ಐನೂರು ಕಿಲೋಮೀಟರ್ ದೂರದ ಗ್ರೇಟ್ ನಿಕೋಬಾರಿನಲ್ಲಿ ಏನು ಮಾಡುತ್ತಿದೆ ಎಂದು ನೋಡಿ. ಲೆದರ್‌ಬ್ಯಾಕ್ ಎಂಬ ಭಾರಿ ಗಾತ್ರದ ಕಡಲಾಮೆಗಳು ಮೊಟ್ಟೆಯಿಡುವ ಗಲಾಥಿಯಾ ಕೊಲ್ಲಿಯನ್ನು 1997ರಲ್ಲಿ ವನ್ಯಧಾಮವೆಂದು ಘೋಷಿಸಲಾಗಿತ್ತು. 2021ರಲ್ಲಿ ಬಂದರಿಗಾಗಿ ಆ ಮಾನ್ಯತೆಯನ್ನೇ ತೆಗೆದುಹಾಕಲಾಯಿತು. ಬಂದರು, ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ ಮತ್ತು ಪಟ್ಟಣ ಸೇರಿದ ಯೋಜನೆಗೆ 2022ರ ನವೆಂಬರ್‌ನಲ್ಲಿ ಪರಿಸರ ಅನುಮತಿ ಸಿಕ್ಕಿತು. ಸುಮಾರು 130 ಚದರ ಕಿಲೋಮೀಟರ್ ಕಾಡು ಇದಕ್ಕೆ ಹೋಗುತ್ತದೆ. 16 ಸಾವಿರಕ್ಕೂ ಹೆಚ್ಚು ಹವಳದ ಗುಂಪುಗಳನ್ನು ಕಿತ್ತು ಬೇರೆಡೆ ನೆಡುವುದಾಗಿ ಯೋಜನೆಯ ದಾಖಲೆಗಳು ಹೇಳುತ್ತವೆ. ಅಲ್ಲಿನ ಶೋಂಪೆನ್ ಮತ್ತು ನಿಕೋಬಾರಿ ಜನರ ಬದುಕಿನ ಪ್ರಶ್ನೆ ಇನ್ನೂ ದೊಡ್ಡದು. ದೇಶದ ರಕ್ಷಣೆಗೆ, ವ್ಯಾಪಾರಕ್ಕೆ ಇದು ಅಗತ್ಯ ಎಂಬ ವಾದ ಸರಕಾರದ್ದು. ಆ ವಾದವನ್ನು ಪೂರ್ತಿ ಒಪ್ಪಿಕೊಂಡವರೂ ಒಂದು ಮಾತಿಗೆ ಉತ್ತರಿಸಬೇಕು. ಒಂದು ಹವಳದ ಚೂರನ್ನು ಜೇಬಿಗೆ ಹಾಕಿಕೊಂಡ ಮಗುವಿಗೆ ಅಪರಾಧವೆಂದು ಹೇಳಿದ ಬಾಯಿಯಿಂದಲೇ, ಸಾವಿರಾರು ಹವಳಗಳನ್ನು ಕೀಳುವುದಕ್ಕೆ ಅಭಿವೃದ್ಧಿ ಎಂದು ಹೇಗೆ ವಿವರಿಸುವುದು?

ಹಾಗಾದರೆ ಮಗುವಿನ ಬಾಟಲಿಯನ್ನು ತಡೆಯುವುದು ಬೂಟಾಟಿಕೆಯೇ? ನಾವು ಹಾಗೆ ಹೇಳುವುದಿಲ್ಲ. ಜೆಟ್ಟಿಯಲ್ಲಿ ನಿಂತ ಆ ಸಿಬ್ಬಂದಿ ಸರಿಯಾದ ಕೆಲಸವನ್ನೇ ಮಾಡುತ್ತಿದ್ದಾರೆ. ಜಾಲಿ ಬಾಯ್ ದ್ವೀಪದ ಮರಳು ಸ್ವಚ್ಛವಾಗಿರುವುದು ಅವರ ಹಟದಿಂದ. ದೊಡ್ಡ ತಪ್ಪು ಇನ್ನೆಲ್ಲೋ ನಡೆಯುತ್ತಿದೆ ಎನ್ನುವುದು ಸಣ್ಣ ನಿಯಮವನ್ನು ಮುರಿಯಲು ನೆಪವಾಗಬಾರದು. ಸಣ್ಣ ನಿಯಮ ಪಾಲಿಸಿದೆವು ಎಂಬ ತೃಪ್ತಿಯಲ್ಲಿ ದೊಡ್ಡ ತಪ್ಪಿನ ಬಗ್ಗೆ ಬಾಯಿ ಮುಚ್ಚುವುದೂ ಆಗಬಾರದು. ಉದ್ಯಾನದ ಗಡಿಯೊಳಗೆ ಮಾತ್ರ ಜಾರಿಯಲ್ಲಿರುವ ಶಿಸ್ತು ಮಕ್ಕಳ ಕಣ್ಣಿಗೆ ಬೀಳದಿರುವುದಿಲ್ಲ. ದ್ವೀಪದಿಂದ ಮರಳಿದ ಹತ್ತು ನಿಮಿಷದಲ್ಲಿ ಜೆಟ್ಟಿಯ ಬಳಿ ಪ್ಲಾಸ್ಟಿಕ್ ಬಾಟಲಿಯ ನೀರು ಕುಡಿದು ಬದಿಗೆಸೆಯುವ ಅಪ್ಪನನ್ನು ನೋಡಿದ ಮಗುವಿಗೆ, ಬೆಳಗಿನಿಂದ ಕೇಳಿದ ಉಪದೇಶವೆಲ್ಲ ನಾಟಕದ ಮಾತಾಗಿ ಉಳಿಯುತ್ತದೆ.

ಹಾಗೆಂದು ಸಣ್ಣ ಮಕ್ಕಳನ್ನು ಇಂಥಲ್ಲಿಗೆ ಕರೆದೊಯ್ಯಲೇಬಾರದು ಎನ್ನುವವರ ಪೈಕಿ ನಾವಲ್ಲ. ಕರೆದೊಯ್ಯಬೇಕು, ಅವರ ವೇಗದಲ್ಲಿ. ಒಂದೇ ದಿನದಲ್ಲಿ ಮೂರು ಜಾಗ ಮುಗಿಸುವ ಪಟ್ಟಿ ಹಿಡಿದುಕೊಂಡಲ್ಲ. ಬಿಸಿಲಿಗೆ ಟೋಪಿ, ಲೋಹದ ಬಾಟಲಿಯಲ್ಲಿ ನೀರು, ಡಬ್ಬಿಯಲ್ಲಿ ಅವಲಕ್ಕಿಯೋ ರೊಟ್ಟಿಯೋ ಇದ್ದರೆ ಪೊಟ್ಟಣದ ತಿಂಡಿಯ ತಕರಾರೇ ಇರುವುದಿಲ್ಲ. ಅಂಡಮಾನಿನ ಕಾಂಡ್ಲಾ ತೊರೆಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಎಚ್ಚರಿಕೆ ಕೊಟ್ಟ ಕಡೆ ನೀರಿಗಿಳಿಯಬಾರದು ಎಂಬುದನ್ನು ಮಕ್ಕಳಿಗೂ ಕಾರಣ ಸಹಿತ ಹೇಳಬೇಕು. ಇದು ಮೊಸಳೆಯ ಮನೆ, ನಾವು ನೆಂಟರು ಎಂಬ ಮಾತು ಸಾಕು. ಗಾಜಿನ ದೋಣಿಗಿಂತ ಮರಳಿನ ಮೇಲೆ ಹೆಚ್ಚು ಹೊತ್ತು ಕಳೆದರೂ ನಷ್ಟವಿಲ್ಲ.

ಇನ್ನೊಂದು ವಿಚಾರ. ವಿಮಾನ ಹತ್ತಿ ಅಂಡಮಾನಿಗೆ ಹೋಗುವ ಶಕ್ತಿ ನಮ್ಮ ಓದುಗರಲ್ಲಿ ಎಷ್ಟು ಮನೆಗಳಿಗಿದೆ? ಹೋಗಲಾಗದವರ ಮಕ್ಕಳು ಕಳೆದುಕೊಳ್ಳುವುದು ಮೀನಿನ ಬಣ್ಣವನ್ನಷ್ಟೇ. ನಾವು ಮೇಲೆ ಹೇಳಿದ ಪಾಠಗಳಿಗೆ ಟಿಕೆಟ್ ಬೇಕಿಲ್ಲ. ಸೋಮೇಶ್ವರದ ಬಂಡೆಗಳ ನಡುವೆ ಇಳಿತದ ಹೊತ್ತಿನಲ್ಲಿ ನೀರು ನಿಲ್ಲುವ ಗುಂಡಿಗಳಲ್ಲೂ ಏಡಿಗಳಿವೆ. ಮಲ್ಪೆಯ ಮರಳಿನಲ್ಲೂ ಚಿಪ್ಪುಗಳಿವೆ. ಅಲ್ಲಿ ಫಲಕವಿಲ್ಲ, ತಪಾಸಣೆಯಿಲ್ಲ, ಠೇವಣಿಯಿಲ್ಲ. ಕುಡಿದು ಎಸೆದ ಬಾಟಲಿಗಳು ಮಾತ್ರ ಎದ್ದು ಕಾಣುತ್ತವೆ. ರಾಷ್ಟ್ರೀಯ ಉದ್ಯಾನವೆಂದು ಯಾರೂ ಬೋರ್ಡು ಹಾಕದ ಆ ಕಡಲ ತೀರದಲ್ಲಿ, ಯಾರೂ ನೋಡದಿರುವಾಗ, ಮಗುವಿನ ಎದುರಿಗೆ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದರ ಮೇಲೆ ಅದು ವಂಡೂರಿನಲ್ಲಿ ಏನು ಕಲಿತೀತು ಎಂಬುದು ನಿಂತಿದೆ.